ಜೋಡಿ ಎಂಜಿನಿನ ಜೆಟ್: ಕಮಲಾಪುರದ ಆಕಾಶದಿಂದ ಕಲಬುರಗಿಯ ನೆಲಕ್ಕೆ



ನಿಮ್ಮ ತರಗತಿಯ ಗೋಡೆಯ ಮೇಲಿರುವ ಭಾರತದ ಭೂಪಟದಲ್ಲಿ ಮುಂಬಯಿ ಮತ್ತು ಹೈದರಾಬಾದುಗಳ ನಡುವೆ ಅಳತೆಪಟ್ಟಿ ಇಟ್ಟು ಒಂದು ನೇರ ಗೆರೆ ಎಳೆಯಿರಿ. ಆ ಗೆರೆ ಕಲಬುರಗಿ ಜಿಲ್ಲೆಯ ಕಮಲಾಪುರದ ಸಮೀಪದಲ್ಲೇ ಹಾದುಹೋಗುತ್ತದೆ. ಕೆಂಪು ಬಾಳೆಯ ತೋಟಗಳಿಗೆ ಹೆಸರಾದ, ಈಗ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಜನರಿಗೆ ಆಕಾಶದಲ್ಲಿ ಬಿಳಿಯ ಚುಕ್ಕೆಯಂತೆ ಸಾಗುವ ಜೆಟ್ ವಿಮಾನ ಹೊಸದಲ್ಲ. ಆದರೆ ಅದು ಬಹುಕಾಲ ತಲೆಯ ಮೇಲೆ ಹಾದುಹೋಗುವ ವಸ್ತುವಾಗಿಯೇ ಉಳಿಯಿತು. ಬೆಂಗಳೂರಿಗೆ ಹೋಗಬೇಕಾದವರು ಕಲಬುರಗಿಗೆ ಬಂದು, ಉದ್ಯಾನ್ ಎಕ್ಸ್‌ಪ್ರೆಸ್ ರೈಲನ್ನೋ ಬಸ್ಸನ್ನೋ ಹತ್ತಿ ಒಂದು ಇಡೀ ರಾತ್ರಿ ಪ್ರಯಾಣ ಮಾಡಬೇಕಿತ್ತು.

2019ರ ನವೆಂಬರ್ 22ರಂದು ಈ ಸ್ಥಿತಿ ಬದಲಾಯಿತು. ಅಂದು ಕಲಬುರಗಿ ನಗರದ ಪೂರ್ವಕ್ಕೆ, ಸೇಡಂ ರಸ್ತೆಯ ಬದಿಯ ಶ್ರೀನಿವಾಸ ಸರಡಗಿಯಲ್ಲಿ ಹೊಸ ವಿಮಾನ ನಿಲ್ದಾಣವನ್ನು ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಉದ್ಘಾಟಿಸಿದರು. ಬೆಂಗಳೂರಿನಿಂದ ಬಂದಿಳಿದದ್ದು ಸ್ಟಾರ್ ಏರ್ ಸಂಸ್ಥೆಯ ಎಂಬ್ರೇಯರ್-145 ಎಂಬ ವಿಮಾನ. ಅದಕ್ಕೆ ಎರಡು ಜೆಟ್ ಎಂಜಿನುಗಳು, ಒಳಗೆ 50 ಆಸನಗಳು. ಅದು ಇಳಿದ ರನ್‌ವೇಯ ಉದ್ದ 3,175 ಮೀಟರು. ಅಷ್ಟು ಉದ್ದದ ರನ್‌ವೇಯ ಮೇಲೆ 180 ಜನರನ್ನು ಹೊರುವ ಮಧ್ಯಮ ಗಾತ್ರದ ಜೆಟ್ಟೂ ಇಳಿಯಬಲ್ಲದು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇಂದಿನ ಪ್ರಯಾಣಿಕ ಜೆಟ್‌ಗಳಲ್ಲಿ ಬಹುಪಾಲಿಗೆ ಎರಡೇ ಎಂಜಿನು ಏಕೆ? ದೊಡ್ಡ ವಿಮಾನ ಇಳಿಯಬಲ್ಲ ಊರಿಗೆ ಸಣ್ಣ ವಿಮಾನ ಬಂದದ್ದು ಏಕೆ? ಈ ಎರಡಕ್ಕೂ ಉತ್ತರ ಕಳೆದ 70 ವರ್ಷಗಳ ವಿಮಾನ ಚರಿತ್ರೆಯಲ್ಲಿದೆ.

ನಾಲ್ಕು ಎಂಜಿನುಗಳ ಕಾಲ

ಜೆಟ್ ಎಂಜಿನಿನ ಬಳಕೆಯಲ್ಲಿ ಯುದ್ಧವಿಮಾನ ಮೊದಲು, ಪ್ರಯಾಣಿಕ ವಿಮಾನ ಅನಂತರ. ಬ್ರಿಟನ್ನಿನ ಫ್ರಾಂಕ್ ವಿಟ್ಲ್ 1930ರಲ್ಲಿ ತನ್ನ ಕಲ್ಪನೆಗೆ ಪೇಟೆಂಟ್ ಅರ್ಜಿ ಹಾಕಿದ. ಜರ್ಮನಿಯ ಹಾನ್ಸ್ ಫಾನ್ ಓಹಾಯ್ನ್ ರೂಪಿಸಿದ ಎಂಜಿನಿನಿಂದ ಮೊದಲ ಜೆಟ್ ವಿಮಾನ 1939ರ ಆಗಸ್ಟ್‌ನಲ್ಲಿ ಹಾರಿತು. ಮೊದಲ ಪ್ರಯಾಣಿಕ ಜೆಟ್ ಆದ ಬ್ರಿಟನ್ನಿನ ಕಾಮೆಟ್ 1952ರ ಮೇ ತಿಂಗಳಲ್ಲಿ ಸೇವೆಗೆ ಬಂದಿತು. ಅದಕ್ಕೆ ನಾಲ್ಕು ಎಂಜಿನುಗಳು. ಏರ್ ಇಂಡಿಯಾ 1960ರಲ್ಲಿ ತಂದ ಬೋಯಿಂಗ್ 707ಕ್ಕೂ ನಾಲ್ಕೇ.

ಕಾರಣ ಸರಳ. ಅಂದಿನ ಜೆಟ್ ಎಂಜಿನುಗಳ ನೂಕುಬಲ ಕಡಿಮೆ. ಇಂಧನದ ದಾಹ ಹೆಚ್ಚು. ಕೆಡುವ ಸಂಭವವೂ ಹೆಚ್ಚು. ನಾಲ್ಕಿದ್ದರೆ ಒಂದು ನಿಂತರೂ ಮೂರು ಉಳಿಯುತ್ತವೆ ಎಂಬ ಧೈರ್ಯ. ಆದರೆ ಆ ಧೈರ್ಯಕ್ಕೆ ಬೆಲೆ ತೆರಬೇಕಿತ್ತು. ನಾಲ್ಕು ಎಂಜಿನುಗಳಿಗೆ ನಾಲ್ಕು ಪಟ್ಟು ಬಿಡಿಭಾಗಗಳು, ನಾಲ್ಕು ಪಟ್ಟು ತಪಾಸಣೆ. ಅಂಥ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹಾರಿದರೆ ಖರ್ಚು ಗಿಟ್ಟಬಹುದು. ಮುಂಬಯಿಯಿಂದ ಬೆಂಗಳೂರಿಗೆ, ದೆಹಲಿಯಿಂದ ಕಲ್ಕತ್ತೆಗೆ ಹಾರುವ ಗಂಟೆ ಎರಡು ಗಂಟೆಯ ಪ್ರಯಾಣಕ್ಕೆ ಅದು ಭಾರವಾದ ಸಾಧನ.

ಈ ಕೊರತೆಯನ್ನು ಮೊದಲು ತುಂಬಿದವರು ಫ್ರಾನ್ಸಿನವರು. ತುಲೂಸ್ ನಗರದಲ್ಲಿ ನಿರ್ಮಾಣವಾದ ಕ್ಯಾರವೆಲ್ ವಿಮಾನ 1955ರ ಮೇ 27ರಂದು ಮೊದಲ ಬಾರಿ ಹಾರಿತು. ಅದಕ್ಕೆ ಎರಡೇ ಎಂಜಿನುಗಳು. ಅವನ್ನು ರೆಕ್ಕೆಯಿಂದ ತೆಗೆದು ಬಾಲದ ಹತ್ತಿರ, ಮೈಯ ಎರಡು ಬದಿಗೆ ಕಟ್ಟಿದ್ದರು. ಇಂಡಿಯನ್ ಏರ್‌ಲೈನ್ಸ್ 1964ರಲ್ಲಿ ಇದೇ ಕ್ಯಾರವೆಲ್ ತರಿಸಿಕೊಂಡು ದೇಶದೊಳಗಿನ ಜೆಟ್ ಸೇವೆಯನ್ನು ಆರಂಭಿಸಿತು. ಹೀಗೆ ನಮ್ಮ ದೇಶದ ಒಳಮಾರ್ಗಗಳ ಜೆಟ್ ಯುಗ ಶುರುವಾದದ್ದೇ ಜೋಡಿ ಎಂಜಿನಿನಿಂದ.

ಜೋಡೆತ್ತಿನ ಲೆಕ್ಕ

ಎರಡೇ ಎಂಜಿನು ಸಾಕೆ? ಒಂದು ನಿಂತರೆ ಗತಿಯೇನು? ಇದನ್ನು ನಮ್ಮ ಕಡೆಯ ಜೋಡೆತ್ತಿನ ಬಂಡಿಯಿಂದ ತಿಳಿಯಬಹುದು. ದಾರಿಯಲ್ಲಿ ಒಂದು ಎತ್ತು ಕುಸಿದರೂ ಇನ್ನೊಂದೇ ಎತ್ತು ಬಂಡಿಯನ್ನು ಊರು ಮುಟ್ಟಿಸಬೇಕು ಎಂದು ಒಬ್ಬ ರೈತ ನಿಯಮ ಮಾಡಿಕೊಂಡನೆನ್ನಿ. ಆಗ ಅವನು ಕಟ್ಟುವ ಒಂದೊಂದು ಎತ್ತಿಗೂ ಪೂರ್ತಿ ಬಂಡಿ ಎಳೆಯುವ ಕಸುವು ಇರಬೇಕಾಗುತ್ತದೆ. ಎರಡೂ ಎತ್ತು ನೆಟ್ಟಗಿರುವ ದಿನ ಬಂಡಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಬಲ ಸಿಕ್ಕುತ್ತದೆ.

ವಿಮಾನದ ನಿಯಮವೂ ಹೀಗೆಯೇ. ನೆಲ ಬಿಟ್ಟು ಚಕ್ರ ಮಡಿಸಿದ ಮೇಲೆ ಒಂದು ಎಂಜಿನು ನಿಂತರೂ ಜೋಡಿ ಎಂಜಿನಿನ ವಿಮಾನ ಮೇಲೇರುತ್ತಲೇ ಇರಬೇಕು. 100 ಮೀಟರು ಮುಂದೆ ಸಾಗುವಷ್ಟರಲ್ಲಿ ಕನಿಷ್ಠ 2.4 ಮೀಟರು ಎತ್ತರ ಗಳಿಸಬೇಕು. ಈ ಪರೀಕ್ಷೆಯಲ್ಲಿ ಗೆಲ್ಲದ ವಿಮಾನಕ್ಕೆ ಪ್ರಯಾಣಿಕರನ್ನು ಹೊರುವ ಪರವಾನಗಿ ಸಿಗದು. ಆದ್ದರಿಂದ ಜೋಡಿ ಎಂಜಿನಿನ ವಿಮಾನದಲ್ಲಿ ಒಂದೊಂದು ಎಂಜಿನಿಗೂ ಒಂಟಿಯಾಗಿ ದುಡಿಯುವ ಶಕ್ತಿಯಿರುತ್ತದೆ. ಎರಡೂ ಸರಿಯಾಗಿ ನಡೆಯುವಾಗ ವಿಮಾನ ಬೇಗ ಮೇಲೇರುತ್ತದೆ.

ಒಂದೇ ಎತ್ತು ಎಳೆದರೆ ಬಂಡಿ ಪಕ್ಕಕ್ಕೆ ತಿರುಗುವಂತೆ, ಒಂದು ಎಂಜಿನು ನಿಂತಾಗ ವಿಮಾನದ ಮೂಗು ನಿಂತ ಎಂಜಿನಿನ ಕಡೆಗೆ ತಿರುಗುತ್ತದೆ. ಅದನ್ನು ನೇರಮಾಡಲು ಬಾಲದಲ್ಲಿ ದೊಡ್ಡ ಲಂಬ ಪಟ್ಟಿಯೂ ಚುಕ್ಕಾಣಿಯೂ ಬೇಕು. ವಿಮಾನದ ಬಾಲ ಅಷ್ಟು ಎತ್ತರವಾಗಿರುವುದಕ್ಕೆ ಇದೂ ಒಂದು ಕಾರಣ.

ಗಾಳಿಯನ್ನು ನಿಧಾನವಾಗಿ ನೂಕುವ ಜಾಣತನ

ಎಂಜಿನುಗಳ ಸಂಖ್ಯೆ ಎರಡಕ್ಕೆ ಇಳಿಯಬೇಕಾದರೆ ಒಂದೊಂದರ ಶಕ್ತಿ ಹೆಚ್ಚಬೇಕು, ಇಂಧನದ ಖರ್ಚು ತಗ್ಗಬೇಕು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಭೌತಶಾಸ್ತ್ರದ ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ.

ವಿಮಾನ ಗಾಳಿಯನ್ನು ಹಿಂದಕ್ಕೆ ನೂಕಿ ತಾನು ಮುಂದೆ ಹೋಗುತ್ತದೆ. ಸೆಕೆಂಡಿಗೆ 1 ಕಿಲೋಗ್ರಾಂ ಗಾಳಿಯನ್ನು 400 ಮೀಟರು ವೇಗದಲ್ಲಿ ನೂಕಿದರೆ ಸಿಗುವ ನೂಕುಬಲವೂ, 4 ಕಿಲೋಗ್ರಾಂ ಗಾಳಿಯನ್ನು 100 ಮೀಟರು ವೇಗದಲ್ಲಿ ನೂಕಿದರೆ ಸಿಗುವ ನೂಕುಬಲವೂ ಒಂದೇ. ಏಕೆಂದರೆ ನೂಕುಬಲಕ್ಕೆ ರಾಶಿ ಮತ್ತು ವೇಗಗಳ ಗುಣಲಬ್ಧ ಲೆಕ್ಕ. ಆದರೆ ಖರ್ಚಾಗುವ ಶಕ್ತಿಗೆ ವೇಗದ ವರ್ಗ ಲೆಕ್ಕ. ಮೊದಲನೆಯದಕ್ಕೆ 80,000 ಜೂಲ್ ಬೇಕಾದರೆ ಎರಡನೆಯದಕ್ಕೆ 20,000 ಜೂಲ್ ಸಾಕು. ಹೆಚ್ಚು ಗಾಳಿಯನ್ನು ನಿಧಾನವಾಗಿ ನೂಕುವುದೇ ಲಾಭ.

ಈ ತತ್ತ್ವದ ಮೇಲೆ ಎಂಜಿನಿನ ಮುಂದೆ ದೊಡ್ಡ ಪಂಖ ಬಂದಿತು. ಒಳಗೆ ಬಂದ ಗಾಳಿಯಲ್ಲಿ ಸ್ವಲ್ಪ ಭಾಗ ಮಾತ್ರ ಉರಿಯುವ ಕೋಣೆಗೆ ಹೋಗುತ್ತದೆ. ಉಳಿದದ್ದು ಪಂಖದಿಂದ ತಳ್ಳಿಸಿಕೊಂಡು ಹೊರಗಿನ ಸುತ್ತಿನಲ್ಲೇ ಹಾದು ಹಿಂದೆ ಹೋಗುತ್ತದೆ. 1960ರ ದಶಕದ ಎಂಜಿನುಗಳಲ್ಲಿ ಒಳಗಿನ ಒಂದು ಪಾಲು ಗಾಳಿಗೆ ಹೊರಸುತ್ತಿನ ಗಾಳಿಯೂ ಸುಮಾರು ಒಂದೇ ಪಾಲು. 1980ರ ದಶಕದಲ್ಲಿ ಅದು ಐದಾರು ಪಾಲಾಯಿತು. ಇತ್ತೀಚಿನ ಎಂಜಿನುಗಳಲ್ಲಿ ಹನ್ನೊಂದು ಹನ್ನೆರಡು ಪಾಲು. ಇಂಧನ ಉಳಿಯಿತು, ಕಿವಿಗಡಚಿಕ್ಕುವ ಸದ್ದೂ ತಗ್ಗಿತು.

ಎಂಜಿನು ಎಲ್ಲಿರಬೇಕು?

ಕ್ಯಾರವೆಲ್ ತೋರಿಸಿದಂತೆ ಬಾಲದ ಬಳಿ ಎಂಜಿನು ಕಟ್ಟುವುದರಲ್ಲಿ ಅನುಕೂಲಗಳಿವೆ. ರೆಕ್ಕೆ ಯಾವ ಅಡ್ಡಿಯೂ ಇಲ್ಲದೆ ನುಣುಪಾಗಿರುತ್ತದೆ. ಮುಂದೆ ಕುಳಿತವರಿಗೆ ಸದ್ದು ಕಡಿಮೆ. ಕಾಲುಗಳು ಗಿಡ್ಡವಾಗಿದ್ದರೂ ನಡೆಯುತ್ತದೆ. ಬಾಗಿಲು ನೆಲಕ್ಕೆ ಹತ್ತಿರವಾಗುತ್ತದೆ. ಎಂಜಿನುಗಳು ಮೈಗೆ ಅಂಟಿಕೊಂಡಿರುವುದರಿಂದ ಒಂದು ನಿಂತಾಗ ವಿಮಾನ ಪಕ್ಕಕ್ಕೆ ತಿರುಗುವುದೂ ಕಡಿಮೆ.

ರೆಕ್ಕೆಯ ಕೆಳಗೆ ಕಟ್ಟುವುದರಲ್ಲಿ ಬೇರೆಯದೇ ಲಾಭ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸುತ್ತದೆ. ಎಂಜಿನಿನ ಭಾರ ಅದನ್ನು ಕೆಳಕ್ಕೆ ಎಳೆದು ಹಿಡಿಯುತ್ತದೆ. ಹಾಗಾಗಿ ರೆಕ್ಕೆಯನ್ನು ಹಗುರವಾಗಿ ಕಟ್ಟಬಹುದು. ಯಂತ್ರಕರ್ಮಿಗಳು ನೆಲದ ಮೇಲೆ ನಿಂತೇ ಎಂಜಿನನ್ನು ಬಿಚ್ಚಿ ನೋಡಬಹುದು. 1967ರ ಏಪ್ರಿಲ್ 9ರಂದು ಮೊದಲು ಹಾರಿದ ಬೋಯಿಂಗ್ 737 ಈ ದಾರಿಯನ್ನು ಹಿಡಿಯಿತು. ಸಣ್ಣ ಊರುಗಳ ನಿಲ್ದಾಣಗಳಲ್ಲಿ ಸಾಮಾನು ಇಳಿಸಲು ಸುಲಭವಾಗಲೆಂದು ಅದಕ್ಕೆ ಗಿಡ್ಡ ಕಾಲುಗಳನ್ನಿಟ್ಟರು. ಅಂದಿನ ಎಂಜಿನು ತೆಳ್ಳಗಿತ್ತು. ರೆಕ್ಕೆಯ ಕೆಳಗೆ ಹಿಡಿಯಿತು.

ಆ ಗಿಡ್ಡ ಕಾಲುಗಳ ಕಥೆ ಮುಂದೆ ದೂರ ಹೋಯಿತು. ದೊಡ್ಡ ಪಂಖದ ಎಂಜಿನು ಬಂದಾಗ ನೆಲಕ್ಕೂ ಎಂಜಿನಿಗೂ ನಡುವೆ ಜಾಗ ಸಾಲಲಿಲ್ಲ. 1984ರಲ್ಲಿ ಹಾರಿದ 737-300 ವಿಮಾನದಲ್ಲಿ ಎಂಜಿನನ್ನು ಮುಂದಕ್ಕೆ ಸರಿಸಿ, ಅದರ ಹೊರಕವಚದ ತಳವನ್ನು ಚಪ್ಪಟೆ ಮಾಡಿದರು. 737 ಮ್ಯಾಕ್ಸ್ ಮಾದರಿಯಲ್ಲಿ ಇನ್ನೂ ದೊಡ್ಡ ಎಂಜಿನು ಬಂದು, ಮತ್ತೂ ಮುಂದಕ್ಕೆ, ಮೇಲಕ್ಕೆ ಸರಿಯಿತು. ಇದರಿಂದ ಕೆಲವು ಸಂದರ್ಭಗಳಲ್ಲಿ ಮೂಗು ಮೇಲೇಳುವ ಪ್ರವೃತ್ತಿ ಬಂದಿತು. ಅದನ್ನು ಹತೋಟಿಯಲ್ಲಿಡಲು ಒಂದು ತಂತ್ರಾಂಶವನ್ನು ಅಳವಡಿಸಿದರು. ಒಂದೇ ಒಂದು ಸಂವೇದಕದ ತಪ್ಪು ಸೂಚನೆಯನ್ನು ನಂಬಿ ಆ ತಂತ್ರಾಂಶ ಮೂಗನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯದಲ್ಲಿ ಒಟ್ಟು 346 ಜನ ಪ್ರಾಣ ಕಳೆದುಕೊಂಡರು. ಐವತ್ತು ವರ್ಷಗಳ ಹಿಂದೆ ಕಾಲಿನ ಉದ್ದದ ಬಗ್ಗೆ ಮಾಡಿದ ಒಂದು ತೀರ್ಮಾನದ ಪರಿಣಾಮ ಎಲ್ಲಿಯವರೆಗೆ ಬಂದಿತು ನೋಡಿ.

ಭಾರತದ ರನ್‌ವೇಗಳ ಮೇಲೆ

ಕ್ಯಾರವೆಲ್ ನಂತರ, 1970ರ ದಶಕದ ಆರಂಭದಲ್ಲಿ ಇಂಡಿಯನ್ ಏರ್‌ಲೈನ್ಸ್ ಬೋಯಿಂಗ್ 737ಗಳನ್ನು ಹಾರಿಸತೊಡಗಿತು. 1976ರಲ್ಲಿ ಏರ್‌ಬಸ್ ಎ-300 ಬಂದಿತು. ಎರಡೇ ಎಂಜಿನಿನಿಂದ ಹಾರುವ ಅಗಲ ಮೈಯ ವಿಮಾನ ಜಗತ್ತಿನಲ್ಲಿ ಇದೇ ಮೊದಲು. 1989ರಲ್ಲಿ ಏರ್‌ಬಸ್ ಎ-320 ಸೇರಿತು. ಪೈಲಟ್ ಹಿಡಿಯ ಚಲನೆಯನ್ನು ತಂತಿಹಗ್ಗಗಳ ಬದಲು ಗಣಕಯಂತ್ರ ಮತ್ತು ವಿದ್ಯುತ್ ಸಂಕೇತಗಳ ಮೂಲಕ ರೆಕ್ಕೆಗೆ ತಲಪಿಸುವ ಏರ್ಪಾಡು ಇದರ ಹೊಸತನ. ನಮ್ಮ ದೇಶಕ್ಕೆ ಬಂದ ಎ-320ಗಳಲ್ಲಿ ಒಂದು ವಿಶೇಷವಿತ್ತು. ಬೇರೆಡೆ ಇದರ ಪ್ರತಿ ಮುಖ್ಯ ಕಾಲಿಗೆ ಎರಡು ಚಕ್ರ. ಇಂಡಿಯನ್ ಏರ್‌ಲೈನ್ಸ್ ಕೇಳಿ ಮಾಡಿಸಿಕೊಂಡ ವಿಮಾನಗಳಿಗೆ ನಾಲ್ಕು ಚಕ್ರ. ಗಟ್ಟಿ ಸಾಲದ ರನ್‌ವೇಗಳ ಮೇಲೆ ಭಾರ ಹರಡಿಕೊಳ್ಳಲಿ ಎಂಬುದು ಉದ್ದೇಶ. ನೆಲಕ್ಕೆ ತಕ್ಕಂತೆ ವಿಮಾನವನ್ನು ಬದಲಿಸಿದ ಉದಾಹರಣೆ ಇದು. ಈ ಎ-320ರ ಬಾಗಿಲುಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿ ಕಳುಹಿಸಿದೆ ಎಂಬುದೂ ನೆನಪಿಡತಕ್ಕದ್ದು.

ಆದರೆ ಕರ್ನಾಟಕದ ಪಾಲಿಗೆ ಎ-320ರ ಆರಂಭದ ದಿನಗಳು ದುಃಖದವಾಗಿದ್ದವು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಥ ಒಂದು ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಿದ್ದಿತು. ಒಳಗಿದ್ದ 146 ಜನರಲ್ಲಿ 92 ಜನ ಸತ್ತರು. ಎಂಜಿನುಗಳು ಕೆಟ್ಟಿರಲಿಲ್ಲ. ಇಳಿಯುವಾಗ ಅವು ಅತಿ ಕಡಿಮೆ ಶಕ್ತಿಯಲ್ಲಿ ನಡೆಯುವ ಸ್ಥಿತಿಯಲ್ಲಿದ್ದವು. ವೇಗ ಕುಸಿಯುತ್ತಿರುವುದು ಪೈಲಟ್‌ಗಳ ಗಮನಕ್ಕೆ ಸಕಾಲದಲ್ಲಿ ಬರಲಿಲ್ಲವೆಂದು ತನಿಖೆ ಹೇಳಿತು. ಜೆಟ್ ಎಂಜಿನು ಕೆಳಮಟ್ಟದಿಂದ ಪೂರ್ಣ ಶಕ್ತಿಗೆ ಬರಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ. ಯಂತ್ರ ಎಷ್ಟೇ ಮುಂದುವರಿದಿದ್ದರೂ ಅದು ಈ ಕ್ಷಣದಲ್ಲಿ ಏನು ಮಾಡುತ್ತಿದೆ ಎಂಬುದು ನಡೆಸುವವನಿಗೆ ಸ್ಪಷ್ಟವಾಗಿ ತಿಳಿಯಬೇಕು. ಅಂದಿನಿಂದ ಪೈಲಟ್‌ಗಳ ತರಬೇತಿಯಲ್ಲಿ ಈ ಅಂಶಕ್ಕೆ ದೊಡ್ಡ ಸ್ಥಾನ ದೊರೆತಿದೆ.

ಗಳಿಸಿದ ನಂಬಿಕೆ

ಎರಡು ಎಂಜಿನುಗಳನ್ನು ಜಗತ್ತು ಒಮ್ಮೆಲೇ ನಂಬಲಿಲ್ಲ. ಜೋಡಿ ಎಂಜಿನಿನ ವಿಮಾನ ಯಾವುದಾದರೊಂದು ನಿಲ್ದಾಣದಿಂದ, ಒಂದೇ ಎಂಜಿನಿನಲ್ಲಿ 60 ನಿಮಿಷ ಹಾರುವಷ್ಟು ದೂರದೊಳಗೇ ಇರಬೇಕೆಂದು ಅಮೆರಿಕ 1953ರಲ್ಲಿ ನಿಯಮ ಮಾಡಿತ್ತು. ಹಾಗಾಗಿ ದೊಡ್ಡ ಸಾಗರಗಳ ನೇರ ದಾರಿ ಅವಕ್ಕೆ ಮುಚ್ಚಿತ್ತು. ಎಂಜಿನುಗಳು ವರ್ಷದಿಂದ ವರ್ಷಕ್ಕೆ ತಮ್ಮ ದೃಢತೆಯನ್ನು ತೋರಿಸಿಕೊಟ್ಟ ಮೇಲೆ 1985ರಲ್ಲಿ ಈ ಮಿತಿ 120 ನಿಮಿಷವಾಯಿತು. 1988ರಲ್ಲಿ 180 ನಿಮಿಷವಾಯಿತು. ಅನಂತರ ನಾಲ್ಕು ಎಂಜಿನಿನ ಪ್ರಯಾಣಿಕ ವಿಮಾನಗಳು ಮೆಲ್ಲಗೆ ಹಿಂದೆ ಸರಿದವು.

ಎರಡೂ ಎಂಜಿನು ಒಟ್ಟಿಗೆ ನಿಲ್ಲುವ ಅಪಾಯ ಮಾತ್ರ ಪೂರ್ತಿ ಹೋಗಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಮೇಲೇರುತ್ತಿದ್ದ ಎ-320 ಒಂದಕ್ಕೆ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನುಗಳು ಶಕ್ತಿ ಕಳೆದುಕೊಂಡವು. ಪೈಲಟ್‌ಗಳು ವಿಮಾನವನ್ನು ಹಡ್ಸನ್ ನದಿಯ ನೀರಿನ ಮೇಲೆ ಇಳಿಸಿದರು. 155 ಜನರೂ ಬದುಕಿದರು. ವಿಮಾನ ನಿಲ್ದಾಣದ ಸುತ್ತ ಕಸ ಎಸೆಯಬಾರದು, ಹದ್ದು ಕಾಗೆಗಳು ಮುತ್ತುವಂತೆ ಮಾಡಬಾರದು ಎಂದು ಹೇಳುವುದು ಈ ಕಾರಣಕ್ಕೆ. ಶ್ರೀನಿವಾಸ ಸರಡಗಿಯ ಸುತ್ತಲಿನ ಹಳ್ಳಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಲಬುರಗಿಗೆ ತಕ್ಕ ಗಾತ್ರ

ಈಗ ನಮ್ಮ ಊರಿಗೆ ಬರೋಣ. ಕಲಬುರಗಿ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಶಂಕುಸ್ಥಾಪನೆಯಾಯಿತು. ಕೆಲಸ ನಿಂತು, ಮತ್ತೆ ಸಾಗಿ, 2018ರ ಆಗಸ್ಟ್‌ನಲ್ಲಿ ಪ್ರಾಯೋಗಿಕವಾಗಿ ವಿಮಾನ ಇಳಿಯಿತು. ಇಲ್ಲಿಗೆ ಅಷ್ಟು ಉದ್ದದ ರನ್‌ವೇ ಏಕೆ ಎಂದು ಕೇಳಬಹುದು. ನಮ್ಮ ಬೇಸಿಗೆಯನ್ನು ನೆನೆದುಕೊಳ್ಳಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರು ಎತ್ತರದಲ್ಲಿದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಬಿಸಿಲಿರುವಾಗ ಇಲ್ಲಿಯ ಗಾಳಿಯ ಸಾಂದ್ರತೆ, ಕಡಲ ತೀರದ 15 ಡಿಗ್ರಿಯ ಗಾಳಿಗಿಂತ ಸುಮಾರು ನೂರಕ್ಕೆ 13ರಷ್ಟು ಕಡಿಮೆ. ಗಾಳಿ ತೆಳುವಾದರೆ ರೆಕ್ಕೆಗೆ ಸಿಗುವ ಆಸರೆಯೂ ಎಂಜಿನಿನ ನೂಕುಬಲವೂ ತಗ್ಗುತ್ತವೆ. ವಿಮಾನ ಹೆಚ್ಚು ದೂರ ಓಡಿಯೇ ನೆಲ ಬಿಡಬೇಕು. ಮಧ್ಯಮ ಗಾತ್ರದ ಜೆಟ್ ಇಂಥ ಬಿಸಿಲಲ್ಲೂ ತುಂಬಿದ ಭಾರದೊಡನೆ ಏರಬೇಕಾದರೆ ಉದ್ದದ ರನ್‌ವೇ ಇರಲೇಬೇಕು.

ಹಾಗಿದ್ದೂ ಮೊದಲು ಬಂದದ್ದು 50 ಆಸನದ ವಿಮಾನ. ಬ್ರೆಜಿಲ್ ದೇಶದ ಎಂಬ್ರೇಯರ್ ಸಂಸ್ಥೆ ರೂಪಿಸಿದ ಈ ಮಾದರಿ 1995ರ ಆಗಸ್ಟ್ 11ರಂದು ಮೊದಲು ಹಾರಿತು. ಎಂಜಿನು ಎಲ್ಲಿರಬೇಕೆಂಬ ಪ್ರಶ್ನೆ ಇದರ ವಿನ್ಯಾಸಕಾರರನ್ನೂ ಕಾಡಿತು. ಮೊದಲ ನಕ್ಷೆಯಲ್ಲಿ ಎಂಜಿನು ರೆಕ್ಕೆಯ ಮೇಲಿತ್ತು. ಎರಡನೆಯದರಲ್ಲಿ ರೆಕ್ಕೆಯ ಕೆಳಗೆ ಬಂದಿತು. ಆಗ ಕಾಲುಗಳು ಉದ್ದವಾಗಿ ಭಾರ ಹೆಚ್ಚಿತು. ಕೊನೆಗೆ ಕ್ಯಾರವೆಲ್‌ನಂತೆ ಬಾಲದ ಬಳಿಗೇ ಹೋಯಿತು. ಮೈ ಕಿರಿದು, ಒಂದು ಕಡೆ ಒಂದು ಆಸನ, ಇನ್ನೊಂದು ಕಡೆ ಎರಡು. ನೆಲಕ್ಕೆ ಹತ್ತಿರವಾದ ಬಾಗಿಲಿನಲ್ಲೇ ಮೆಟ್ಟಿಲುಗಳಿರುವುದರಿಂದ ನಿಲ್ದಾಣದಲ್ಲಿ ಎತ್ತರದ ಏಣಿಬಂಡಿಯೂ ಬೇಡ. ಹೊಸದಾಗಿ ತೆರೆದ ಒಂದು ನಿಲ್ದಾಣಕ್ಕೆ ಇದು ಸಣ್ಣ ಅನುಕೂಲವಲ್ಲ.

ಮುಖ್ಯ ಕಾರಣ ಆಸನಗಳ ಲೆಕ್ಕದಲ್ಲಿದೆ. ಒಂದು ದಿನ 40 ಜನ ಬೆಂಗಳೂರಿಗೆ ಹೊರಟರೆನ್ನಿ. 50 ಆಸನದ ವಿಮಾನದಲ್ಲಿ ನೂರಕ್ಕೆ 80ರಷ್ಟು ತುಂಬುತ್ತದೆ. 180 ಆಸನದ ವಿಮಾನದಲ್ಲಿ ನೂರಕ್ಕೆ 22ರಷ್ಟು ಮಾತ್ರ ತುಂಬುತ್ತದೆ. ದೊಡ್ಡ ವಿಮಾನದ ತೂಕ ಸುಮಾರು 78 ಟನ್. ಸಣ್ಣದರ ತೂಕ ಸುಮಾರು 22 ಟನ್. ಖಾಲಿ ಕುರ್ಚಿಗಳನ್ನು ಹೊತ್ತು ಹಾರಲೂ ಇಂಧನ ಉರಿಯಲೇಬೇಕು. ಆದರೆ ಎಲ್ಲ ಆಸನಗಳೂ ತುಂಬಿದಾಗ ತಲೆಗೆ ಬೀಳುವ ಇಂಧನದ ಖರ್ಚು ಮಧ್ಯಮ ಗಾತ್ರದ ವಿಮಾನದಲ್ಲೇ ಕಡಿಮೆ. ಅದರ ಹೊಟ್ಟೆಯಲ್ಲಿ ಸರಕಿಗೂ ಜಾಗ ಹೆಚ್ಚು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯಂಥ, ಬೇಗ ಹಣ್ಣಾಗಿ ಕೆಡುವ ಬೆಳೆ ದೂರದ ಪೇಟೆಗೆ ವಿಮಾನದಲ್ಲಿ ಹೋಗಬೇಕಾದರೆ ಅಂಥ ಹೊಟ್ಟೆಯೇ ಬೇಕು.

ಈ ನಡುವಿನ ಕಂದಕವನ್ನು ದಾಟಿಸಲು ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ತಂದಿತು. ಅರ್ಧದಷ್ಟು ಆಸನಗಳನ್ನು ಮಿತ ದರಕ್ಕೆ ಕೊಡುವ ಸಂಸ್ಥೆಗೆ ಮೂರು ವರ್ಷಗಳವರೆಗೆ ನಷ್ಟ ತುಂಬಿಕೊಡುವ ನೆರವು ಇದರಲ್ಲಿತ್ತು. ಕಲಬುರಗಿಯ ಮೊದಲ ಸೇವೆ ಇದರ ಅಡಿಯಲ್ಲೇ ಬಂದಿತು. ಬೆಂಗಳೂರಿಗೆ ಆಕಾಶಮಾರ್ಗದ ದೂರ ಸುಮಾರು 470 ಕಿಲೋಮೀಟರು. ಒಂದು ರಾತ್ರಿಯ ಪ್ರಯಾಣ ಒಂದು ಗಂಟೆಗೆ ಇಳಿಯಿತು. ಆದರೆ ನೆರವಿಗೆ ಅವಧಿಯುಂಟು. ಅದು ಮುಗಿದ ಮೇಲೆ ಒಂದು ಮಾರ್ಗ ಉಳಿಯಬೇಕಾದರೆ ಆಸನಗಳು ತುಂಬಬೇಕು. ಚಿಕಿತ್ಸೆಗೆಂದು, ಸಂದರ್ಶನಕ್ಕೆಂದು, ವ್ಯಾಪಾರಕ್ಕೆಂದು ಹೊರಡುವ ಜನ ಟಿಕೆಟ್ಟಿನ ಹಣ ಕೊಡಬಲ್ಲವರಾಗಿರಬೇಕು. ವಿಮಾನ ಹೇಳಿದ ದಿನ, ಹೇಳಿದ ಹೊತ್ತಿಗೆ ಬರಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಜನ ಮತ್ತೆ ರೈಲಿನ ಕಡೆ ನೋಡುತ್ತಾರೆ.

ಎರಡು ಎಂಜಿನುಗಳ ಜೆಟ್ ಗೆದ್ದುದು ಯಾವುದೋ ಒಂದು ಮಹಾ ಆವಿಷ್ಕಾರದಿಂದಲ್ಲ. ಬೇಕಾದಷ್ಟೇ ಹೊರುವುದು, ಬೇಕಾದಷ್ಟೇ ಉರಿಸುವುದು, ಒಂದು ಸೋತರೆ ಇನ್ನೊಂದು ಊರು ಮುಟ್ಟಿಸುವುದು ಎಂಬ ಲೆಕ್ಕದಿಂದ. ಆ ಲೆಕ್ಕ ಎಂಜಿನಿಗೆ ಅನ್ವಯಿಸುವಂತೆ ಆಸನಕ್ಕೂ, ರನ್‌ವೇಗೂ, ಊರಿಗೂ ಅನ್ವಯಿಸುತ್ತದೆ. ಉದ್ದದ ರನ್‌ವೇ ಸಿದ್ಧವಾಗಿದೆ. ಅದರ ಮೇಲೆ ಮಧ್ಯಮ ಗಾತ್ರದ ಜೆಟ್ ದಿನವೂ ತುಂಬಿ ಇಳಿಯುವಂತಾಗಬೇಕಾದರೆ ಸುತ್ತಲಿನ ನೆಲದಲ್ಲಿ ದುಡಿಮೆ, ವಿದ್ಯೆ, ವ್ಯಾಪಾರಗಳು ಬೆಳೆಯಬೇಕು. ವಿಮಾನ ಚಾಲನೆಯ ತರಬೇತಿ ಶಾಲೆಗಳಿಗೆಂದು 2021ರಲ್ಲಿ ಆರಿಸಿದ ನಿಲ್ದಾಣಗಳಲ್ಲಿ ಕಲಬುರಗಿಯೂ ಒಂದು. ಕಮಲಾಪುರದ ಶಾಲೆಯ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುವ ಹುಡುಗಿಯೋ ಹುಡುಗನೋ ನಾಳೆ ಅಂಥ ವಿಮಾನವನ್ನು ನಡೆಸಬಹುದು, ವಿನ್ಯಾಸಗೊಳಿಸಲೂಬಹುದು.

ಯೋಚಿಸಿ ನೋಡಿ

1. ಬಾಲದ ಬಳಿ ಎಂಜಿನು ಕಟ್ಟಿದ ವಿಮಾನಕ್ಕೂ ರೆಕ್ಕೆಯ ಕೆಳಗೆ ಕಟ್ಟಿದ ವಿಮಾನಕ್ಕೂ ಇರುವ ಲಾಭ ನಷ್ಟಗಳನ್ನು ಪಟ್ಟಿಮಾಡಿ.

2. ನಿಮ್ಮ ಊರಿನಿಂದ ಒಂದು ವಾರದಲ್ಲಿ ಬೆಂಗಳೂರಿಗೆ ಹೋಗುವ ಜನರೆಷ್ಟು, ಯಾವ ಕೆಲಸಕ್ಕೆ ಹೋಗುತ್ತಾರೆ ಎಂಬುದನ್ನು ಹಿರಿಯರನ್ನು ಕೇಳಿ ಬರೆಯಿರಿ. ಅವರಿಗೆ ಎಷ್ಟು ಆಸನದ ವಿಮಾನ ತಕ್ಕದ್ದು?

3. ಡಿಸೆಂಬರಿನ ಬೆಳಗಿನ ಜಾವ ಹೊರಡುವ ವಿಮಾನಕ್ಕೂ ಮೇ ತಿಂಗಳ ಮಧ್ಯಾಹ್ನ ಹೊರಡುವ ವಿಮಾನಕ್ಕೂ ರನ್‌ವೇಯಲ್ಲಿ ಓಡುವ ದೂರದಲ್ಲಿ ವ್ಯತ್ಯಾಸವೇಕೆ?